ಎಡಕ್ಕೆ ತಿರುಚಿದ ತಂತಿ

ಮೂರು ಕಾಲು ಕಾಣುತ್ತಿವೆ, ಜೊತೆಗೆ ರಬ್ಬರ್ ಬುಡದ ಒಂದು ಊರುಗೋಲು, ಟ್ರಾಕ್ಟರಿನ ಮುಂದಿನ ಆಕ್ಸಲ್ಲಿಗೂ ನೆಲಕ್ಕೂ ನಡುವಿನ ಮೊಳದುದ್ದದ ಸಂದಿಯಲ್ಲಿ ಈಗ ಇಷ್ಟೇ ಲೋಕ, ನೀಲಿ ಹವಾಯಿ ಚಪ್ಪಲಿಯ ಜೋಡಿ ಕಾಲು ಪರ್ವತಯ್ಯನದು, ಹಿಮ್ಮಡಿ ಒಡೆದು ಕಪ್ಪಾಗಿದೆ, ಇನ್ನೊಂದು ಒಂಟಿ ಕಾಲು ಅಣ್ಣನದು, ಚಪ್ಪಲಿ ಕಳಚಿಟ್ಟು ಹೆಬ್ಬೆರಳಲ್ಲಿ ಮಣ್ಣು ಕೆರೆಯುತ್ತಿದೆ, ಖುಷಿಯಾದಾಗ ಅಣ್ಣ ಹಾಗೆಯೇ, ಎರಡೂ ಕಾಲಿದ್ದಾಗಲೂ ಹಾಗೆಯೇ ಕೆರೆಯುತ್ತಿದ್ದ — ನಾಗಭೂಷಣ ಗೋಣಿಚೀಲದ ಮೇಲೆ ಅಂಗಾತ ಮಲಗಿ ಅದನ್ನು ನೋಡಿದ, ನೋಡಬಾರದೆಂದು ಕತ್ತು ತಿರುಗಿಸಿದ, ತಿರುಗಿಸಿದರೆ ಕಣ್ಣೆದುರಿಗೆ ಮತ್ತೆ ಅದೇ ಸ್ಟೇರಿಂಗ್ ರಾಡಿನ ತುದಿ, ಅದೇ ಬೋಲ್ಟು, ಬೋಲ್ಟಿನ ತೂತಿನಲ್ಲಿ ಅದೇ ತಂತಿ. ಇಪ್ಪತ್ತೊಂಬತ್ತು ವರ್ಷದ ಕೆರೆಮಣ್ಣು, ಗಟ್ಟಿಯಾದ ಗ್ರೀಸು, ಎರಡನ್ನೂ ಸೀಮೆಎಣ್ಣೆ ಬ್ರಷ್ಷಿನಲ್ಲಿ ಉಜ್ಜುತ್ತಿದ್ದ, ಉಜ್ಜಿದಂತೆ ಒಂದು ಹೆಂಟೆ ಕಳಚಿ ಕೆನ್ನೆಯ ಮೇಲೆ ಬಿತ್ತು, ಕೆನ್ನೆ ಒರೆಸಿಕೊಂಡು ಮೇಲೆ ನೋಡಿದರೆ ಪಿನ್ನು ಇರಬೇಕಾದ ಕಡೆ ತಂತಿ, ಕಂಬಿ ಕಟ್ಟುವ ಸಾದಾ ತಂತಿ, ಒಂದು ಎಳೆ ಹರಿದಿದೆ, ಇನ್ನೊಂದು ಎಳೆ ತೂತಿಗೆ ಸಿಕ್ಕಿಕೊಂಡು ನಿಂತಿದೆ, ತುದಿಯಲ್ಲಿ ಮೂರು ಸುತ್ತು ತಿರುಚು, ಮೂರೂ ಎಡಕ್ಕೆ. ಇಲ್ಲ, ಇದು ನನ್ನದಲ್ಲ, ಯಾರೋ ಆಮೇಲೆ ಕಟ್ಟಿರಬೇಕು, ಆಮೇಲೆ ಅಂದರೆ ಯಾವಾಗ, ಕೆರೆಯಿಂದ ಎಳೆದು ತಂದು ಈ ಕೊಟ್ಟಿಗೆಗೆ ನೂಕಿ ಬಾಗಿಲು ಹಾಕಿದ ಮೇಲೆ ಇದನ್ನು ಮುಟ್ಟಿದವರಾದರೂ ಯಾರು, ಇಲಿ ಮುಟ್ಟಿದೆ, ಕಣಜದ ಹುಳ ಗೂಡು ಕಟ್ಟಿದೆ, ಇಲಿಗೆ ತಂತಿ ತಿರುಚಲು ಬರುವುದಿಲ್ಲ. ಏನ್ಲಾ ನಾಗ, ಸದ್ದೇ ಇಲ್ಲ, ನಿದ್ದೆ ಹತ್ತಿತಾ ಅಂತ ಹೊರಗಿನಿಂದ ಅಣ್ಣ ಶಂಕರಲಿಂಗಪ್ಪ ಕೇಳಿದ, ಇಲ್ಲಣ್ಣ, ತುಕ್ಕು ಹಿಡಿದಿದೆ ಅಂದ ಇವನು. ಸುಳ್ಳೇನೂ ಅಲ್ಲ, ತುಕ್ಕೂ ಹಿಡಿದಿತ್ತು.

ಮಧುಗಿರಿಯ ಐ.ಟಿ.ಐ.ನಲ್ಲಿ ಫಿಟ್ಟರ್ ಪಾಠ ಹೇಳುವ ನಾಗಭೂಷಣ ಮೇಷ್ಟರಿಗೆ ಹಳೇ ತೋಟದ ಟ್ರಾಕ್ಟರುಗಳ ಹುಚ್ಚು ಅಂತ ಕಳ್ಳಂಬೆಳ್ಳದಿಂದ ಪಾವಗಡದವರೆಗೆ ಗೊತ್ತು, ತೆಂಗಿನ ಸಾಲಿನ ನಡುವೆ ನುಗ್ಗುವ ಆ ಗಿಡ್ಡ ಟ್ರಾಕ್ಟರುಗಳು, ಒಂದೇ ಸಿಲಿಂಡರಿನವು, ಡುಗು ಡುಗು ಅಂತ ಊರಿಗೆಲ್ಲ ಕೇಳುವಂತೆ ಉಸಿರಾಡುವವು, ಈಗ ಯಾರಿಗೂ ಬೇಡವಾಗಿ ಹುಣಸೆಮರದ ಕೆಳಗೋ ಬೇಲಿಯ ಮೂಲೆಗೋ ಕೋಳಿಗಳಿಗೆ ಮನೆಯಾಗಿ ನಿಂತವು, ಇವನು ಹುಡುಕಿಕೊಂಡು ಹೋಗುತ್ತಾನೆ. ನಿಡುಗಲ್ಲಿನ ಬೆಟ್ಟದ ಬುಡದಲ್ಲಿ ಸಿಕ್ಕಿದ್ದರ ಗೇರ್‌ಬಾಕ್ಸಿನೊಳಗೆ ಹಾವಿನ ಪೊರೆ ಇತ್ತು, ಮೂರು ತಿಂಗಳು ಡೀಸೆಲ್ಲಿನಲ್ಲಿ ನೆನೆಹಾಕಿ ಒಂದೊಂದೇ ಹಲ್ಲು ಬಿಡಿಸಿದ, ಶಿರಾದ ಗುಜರಿ ಸಾಲಿನಲ್ಲಿ ಒಂದು ಬೇರಿಂಗಿಗಾಗಿ ಎಂಟು ಸಲ ಅಲೆದ, ಬಂದ್ರಾ ಉಸ್ತಾದ್, ನಿಮ್ಮ ಅಜ್ಜಿಗೆ ಇವತ್ತು ಏನು ಬೇಕು ಅಂತ ಅಂಗಡಿಯವರು ಗೇಲಿ ಮಾಡುತ್ತಾರೆ, ಮಾಡಲಿ, ಎಂಜಿನ್ನು ಮೊದಲ ಸಲ ಕೆಮ್ಮಿ ಹೊಗೆ ಬಿಟ್ಟಾಗ ಮೈಯೆಲ್ಲ ಹಗುರವಾಗುತ್ತದೆ, ಹೆಂಡತಿಗೂ ಹೇಳಿಲ್ಲ, ಒಂದು ಸಲ ಅತ್ತೇ ಬಿಟ್ಟಿದ್ದ. ಹೀಗೆ ಹನ್ನೊಂದು ವರ್ಷದಲ್ಲಿ ಆರು ಎಬ್ಬಿಸಿದ, ಊರೂರು ತಿರುಗಿ ಕಂಡವರದನ್ನೆಲ್ಲ ಎಬ್ಬಿಸಿದವನು ಅಣ್ಣನ ಕೊಟ್ಟಿಗೆಯ ಬಾಗಿಲು ಮಾತ್ರ ತೆಗೆಯಲಿಲ್ಲ, ಅಣ್ಣನಿಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ ಅಂತ ಎಲ್ಲರಿಗೂ ಹೇಳಿದ, ಅಣ್ಣನ ಹೆಸರಲ್ಲಿ ತನ್ನ ಭಯ ನಡೆಯಿತು. ಯುಗಾದಿಗೆ ಬಂದಾಗ ಅಣ್ಣನೇ ಕೇಳಿಬಿಟ್ಟ, ಊರವರ ಗಾಡಿಯೆಲ್ಲ ಎಬ್ಬಿಸ್ತೀಯ, ನಮ್ ಗಿಡ್ಡಿ ಏನ್ ಪಾಪ ಮಾಡೈತೆ, ನಾನು ಕಣ್ಮುಚ್ಚೋದ್ರೊಳಗೆ ಒಂದ್ಸಲ ಅದರ ಸದ್ದು ಕೇಳ್ಬೇಕು ಕಣ್ಲಾ ಅಂದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವನು, ಅವನಿಗೆ ಏನೆಂದು ಇಲ್ಲವೆನ್ನುವುದು. ನಾಲ್ಕು ತಿಂಗಳ ಭಾನುವಾರಗಳು, ಎಂಜಿನ್ ಆಯಿತು, ಡೀಸೆಲ್ ಟ್ಯಾಂಕ್ ಆಯಿತು, ಹಿಂದಿನ ಚಕ್ರ ಆಯಿತು, ಸೀಟಿಗೆ ರೆಕ್ಸಿನ್ ಕೂಡ ಹೊಲಿಸಿದ, ಹಿಂದಿನಿಂದ ಮುಂದಕ್ಕೆ ಬರುವುದು, ಮುಂದಿನ ಆಕ್ಸಲ್ಲಿನ ಹತ್ತಿರ ಬರುತ್ತಿದ್ದಂತೆ ಹಿಂದೆ ಏನೋ ಬಿಟ್ಟಿದ್ದು ನೆನಪಾಗುವುದು, ಬಣ್ಣ ಒಂದು ಕೋಟು ಇನ್ನೂ ಹೊಡೆಯೋಣ ಅನ್ನಿಸುವುದು, ಇನ್ನು ಹೊಡೆಯಲು ಜಾಗವಿಲ್ಲ ಅಂತಾದ ಮೇಲೆ ಇವತ್ತು ಕೆಳಗೆ ಮಲಗಿದ್ದು, ಮಲಗುವ ಹೊತ್ತಿಗೆ ಸರಿಯಾಗಿ ಆಟೋ ಬಂದು ನಿಂತಿತು, ಅದರಿಂದ ಹಳೇ ಮೆಕ್ಯಾನಿಕ್ ಪರ್ವತಯ್ಯ ಇಳಿದ. ಯಾರು ಕರೆಸಿದ್ದು ಅಂತ ಅತ್ತಿಗೆ ಸರೋಜಮ್ಮನನ್ನು ಕೇಳಿದರೆ, ನಿಮ್ಮಣ್ಣನೇ ಫೋನ್ ಮಾಡಿಸಿದ್ರು ಕಣಪ್ಪ, ಕೊನೇಲಿ ಗಿಡ್ಡಿ ಬಿಚ್ಚಿ ಕಟ್ಟಿದ ಕೈ ಅದೇ ಅಲ್ವಾ, ಮೊದಲ ಹ್ಯಾಂಡಲ್ಲು ಅದೇ ಕೈ ತಿರುಗಿಸ್ಲಿ ಅಂದ್ರು, ಮನಸ್ಸಲ್ಲಿ ಏನೂ ಇಟ್ಕೊಂಡು ಹೋಗ್ಬಾರ್ದು ಅಂತ ಅವರಿಗೆ ಅಂದಳು. ಅಂದವಳೇ ಚಕ್ರದ ಕೆಳಗಿಡಲು ನಿಂಬೆಹಣ್ಣು ತರಲು ಒಳಗೆ ಹೋದಳು.

ಕೊನೆಯಲ್ಲಿ ಬಿಚ್ಚಿ ಕಟ್ಟಿದ ಕೈ, ಅತ್ತಿಗೆಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ, ಪರ್ವತಯ್ಯನ ಕೈ ಆದಮೇಲೆ ಇನ್ನೊಂದು ಕೈ ಆಡಿತ್ತು ಅಂತ. ಆಗ ಇವನಿಗೆ ಇಪ್ಪತ್ತೆರಡು, ರಜೆಯಲ್ಲೆಲ್ಲ ಕೆರೆ ಏರಿಯ ಪಕ್ಕದ ಪರ್ವತಯ್ಯನ ಶೆಡ್ಡಿನಲ್ಲೇ ವಾಸ, ಸ್ಪ್ಯಾನರ್ ಹಿಡಿಯಲು ಕಲಿತಿದ್ದು ಅಲ್ಲಿ, ಮನೆಯಲ್ಲಿ ಎಡಗೈಗೆ ಬರೆ ಹಾಕಿ ಬಲಗೈಯಲ್ಲಿ ಉಣ್ಣಲು ಕಲಿಸಿದ್ದರು, ಶೆಡ್ಡಿನಲ್ಲಿ ಮಾತ್ರ ಎಡಗೈಗೆ ಬಿಡುಗಡೆ, ಕೈ ಯಾವುದಾದ್ರೇನ್ಲಾ, ನಟ್ಟು ಟೈಟಾದ್ರೆ ಸಾಕು ಅನ್ನುತ್ತಿದ್ದ ಪರ್ವತಯ್ಯ, ತಂತಿ ಕಟ್ಟಿದ್ದನ್ನು ನೋಡಿ ನಗುತ್ತಿದ್ದ, ಲೋಕದ ತಂತಿ ಒಂದು ಕಡೆ ತಿರುಗಿದ್ರೆ ನಮ್ ಎಡಚಯ್ಯಂದು ಇನ್ನೊಂದು ಕಡೆ, ಕತ್ತಲಲ್ಲಿ ಮುಟ್ಟಿ ನೋಡಿ ಹೇಳ್ತೀನಿ ಇದು ನಾಗಂದು ಅಂತ, ಹಾಗೆಯೇ ಹೇಳುತ್ತಿದ್ದ ಕೂಡ. ಆ ಸಲ ಗಿಡ್ಡಿಯನ್ನು ಪೂರ್ತಿ ಬಿಚ್ಚಿ ಕಟ್ಟಿ ಕಳಿಸಿದ ಮಾರನೆ ದಿನ ಅಣ್ಣ ಸಂತೆಗೆ ಹೋಗಿದ್ದ, ಸ್ಟೇರಿಂಗ್ ಒಂದಿಷ್ಟು ಬಿಗಿ ಅನ್ನಿಸಿತು ಇವನಿಗೆ, ಅನ್ನಿಸಿತೋ, ಗುರುವಿಗಿಂತ ತಾನೇ ಚೆನ್ನಾಗಿ ಮಾಡಬಲ್ಲೆ ಅಂತ ತೋರಿಸಬೇಕಿತ್ತೋ, ಎರಡನೆಯದೇ ಇರಬೇಕು, ಒಬ್ಬನೇ ರಾಡು ಕಳಚಿದ, ಒರೆಸಿದ, ಗ್ರೀಸು ತುಂಬಿದ, ನಟ್ಟು ಹಾಕಿ ಬಿಗಿದ, ಬಿಗಿದ ಮೇಲೆ ನೋಡಿದರೆ ಸ್ಪ್ಲಿಟ್ ಪಿನ್ನು ಇಲ್ಲ, ಹೆಂಗಸರ ತಲೆಪಿನ್ನಿನಂಥ ಎರಡು ಕಾಲಿನ ಒಂದು ಚೂರು ಕಬ್ಬಿಣ, ನಟ್ಟಿನ ಸೀಳಿನಿಂದ ಬೋಲ್ಟಿನ ತೂತಿಗೆ ತೂರಿಸಿ ಕಾಲು ಅಗಲಿಸಿದರೆ ನಟ್ಟು ತಿರುಗಿ ಬಿಚ್ಚಿಕೊಳ್ಳುವುದಿಲ್ಲ, ಅಷ್ಟೇ ಅದರ ಕೆಲಸ, ಅದು ಅಂಗಳದ ಧೂಳಿನಲ್ಲಿ ಎಲ್ಲೋ ಬಿತ್ತು, ಅರ್ಧ ಗಂಟೆ ಕೈಯಾಡಿಸಿದ, ಚಪ್ಪರಕ್ಕೆ ತಂದ ತಂತಿ ಗೋಡೆಗೆ ನೇತಾಡುತ್ತಿತ್ತು, ಒಂದು ಗೇಣು ಕತ್ತರಿಸಿದ, ತೂರಿಸಿದ, ಇಕ್ಕಳದಲ್ಲಿ ಮೂರು ಸುತ್ತು. ನಾಳೆ ಶಿರಾಕ್ಕೆ ಹೋದಾಗ ಪಿನ್ನು ತಂದು ಹಾಕಿದರಾಯಿತು. ತಂದಿದ್ದ, ತಂದು ಹಾಕಿದ್ದ, ಇದನ್ನೇ ಇಷ್ಟು ವರ್ಷ ಅಂದುಕೊಂಡು ಬಂದಿದ್ದು, ಕಣ್ಣಿಗೆ ಕಟ್ಟಿದ ಹಾಗಿದೆ, ಅಂಗಡಿಯವನು ಪೇಪರಿನ ಚೂರಿನಲ್ಲಿ ಸುತ್ತಿ ಕೊಟ್ಟ ಪಿನ್ನು, ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿದ್ದುದು, ಇಲ್ಲೇ ಕೆಳಗೆ ಮಲಗಿ ತಂತಿ ಕತ್ತರಿಸಿ ಎಸೆದು ಪಿನ್ನಿನ ಕಾಲು ಸುತ್ತಿಗೆಯಲ್ಲಿ ಅಗಲಿಸಿದ್ದು, ಟಕ್ ಟಕ್, ಎರಡು ಏಟು. ಪಿನ್ನು ತಂದಿದ್ದು ನಿಜವಿರಬೇಕು, ಚುಚ್ಚಿದ್ದೂ ನಿಜವಿರಬೇಕು, ಆ ಎರಡು ಏಟು ಯಾವ ಗಾಡಿಯದೋ, ಆಮೇಲೆ ಎಷ್ಟು ಗಾಡಿಗೆ ಎಷ್ಟು ಪಿನ್ನು ಹೊಡೆದಿಲ್ಲ, ಒಂದನ್ನು ಎತ್ತಿಕೊಂಡು ಬಂದು ಇಲ್ಲಿ ಹಾಕಿಕೊಂಡಿದ್ದಾನೆ ಮನಸ್ಸಿನಲ್ಲಿ, ಬೋಲ್ಟು ಮಾತ್ರ ಹಾಕಿಕೊಂಡಿಲ್ಲ, ಬೋಲ್ಟಿನಲ್ಲಿ ತಂತಿ ಇದೆ, ಮೂರು ಸುತ್ತು, ಎಡಕ್ಕೆ.

ಮೂರನೇ ದಿನ ಅಣ್ಣ ಕೆರೆಯ ಗೋಡುಮಣ್ಣು ತುಂಬಿದ ಟ್ರೇಲರ್ ಕಟ್ಟಿಕೊಂಡು ಏರಿಯ ಮೇಲೆ ಬರುತ್ತಿದ್ದವನು, ಮುಂದಿನ ಎರಡು ಚಕ್ರ ಎರಡು ದಿಕ್ಕಿಗೆ ತಿರುಗಿದುವಂತೆ, ಸ್ಟೇರಿಂಗ್ ಸುಮ್ಮನೆ ಗಿರಗಿರ ಸುತ್ತಿತಂತೆ, ಗಿಡ್ಡಿ ಏರಿಯಿಂದ ಕೆರೆಗೆ ಮಗುಚಿ ಮುಂಭಾಗವೆಲ್ಲ ಕೆಸರಲ್ಲಿ ಹೂತಿತು, ಅಣ್ಣ ಆಸ್ಪತ್ರೆಯಲ್ಲಿ ಅದನ್ನೇ ಹೇಳುತ್ತಿದ್ದ, ಸುಮ್ನೆ ಸುತ್ತಿತು ಕಣ್ಲಾ ನಾಗ, ಕೈಲಿ ಏನೂ ಇರ್ಲಿಲ್ಲ, ಏನೂ ಇರ್ಲಿಲ್ಲ — ಮಡ್‌ಗಾರ್ಡಿನ ಕೆಳಗೆ ಸಿಕ್ಕಿದ ಬಲಗಾಲು, ಶಿರಾದಿಂದ ತುಮಕೂರು, ಮಂಡಿಯ ಮೇಲಕ್ಕೆ ತೆಗೆದರು, ಪ್ಲಾಸ್ಟಿಕ್ಕಿನ ಚೀಲದಲ್ಲಿ ಕೊಟ್ಟರು, ತಮ್ಮ ನೀನೇ ಅಲ್ವಾ ಅಂತ ಇವನ ಕೈಗೇ ಕೊಟ್ಟರು, ಬೆಚ್ಚಗಿತ್ತು, ಬೇಡ, ಅದು ಬೇಡ. ನಟ್ಟು ಏರಿಯ ಮೇಲೆ ಸಿಕ್ಕಿತ್ತು, ಪಿನ್ನಿಲ್ಲದ ಬೋಳು ನಟ್ಟು, ಯಾರೋ ಎತ್ತಿ ಹಿಡಿದು, ಪಿನ್ನೇ ಹಾಕಿಲ್ಲ ನೋಡ್ರೋ, ಮೊನ್ನೆ ತಾನೆ ಪರ್ವತಯ್ಯ ಬಿಚ್ಚಿ ಕಟ್ಟಿದ್ದು ಅಂದರು, ಪರ್ವತಯ್ಯ ಓಡಿ ಬಂದ, ಕೈಗೆ ನಟ್ಟು ಕೊಟ್ಟರು, ತಿರುಗಿಸಿ ತಿರುಗಿಸಿ ನೋಡಿದ, ಹಾಕಿದ್ದೆ ಅಂದ, ಹಾಕಿದ್ದೆನಲ್ಲ ಅಂದ, ಮೂರನೇ ಸಲಕ್ಕೆ ಹಾಕಿರಬೇಕು ಅಂದ, ಅಲ್ಲಿಗೆ ಅವನ ಕಥೆ ಮುಗಿಯಿತು, ಸಾವಿರ ಪಿನ್ನು ಹಾಕಿದ ಕೈ, ಪ್ರತಿಯೊಂದನ್ನೂ ಯೋಚಿಸದೇ ಹಾಕಿದ ಕೈ, ಆ ಒಂದು ಪಿನ್ನು ಹಾಕಿತ್ತೇ ಅಂತ ಕೇಳಿದರೆ ಅದಕ್ಕೇನು ಗೊತ್ತು. ಗುಂಪಿನಲ್ಲಿ ಇವನೂ ನಿಂತಿದ್ದ, ಪರ್ವತಯ್ಯ ಇವನ ಕಡೆಗೂ ನೋಡಿದ, ನೀನಾದ್ರೂ ಹೇಳಪ್ಪ ನಾನು ಎಂಥ ಕೆಲಸಗಾರ ಅಂತ ಅನ್ನುವ ಹಾಗೆ, ಇವನು ತುಟಿ ಪಿಟಕ್ಕೆನ್ನಲಿಲ್ಲ, ಐ.ಟಿ.ಐ. ಕೆಲಸದ ಇಂಟರ್‌ವ್ಯೂ ಮುಂದಿನ ವಾರ ಇತ್ತು, ಅದು ಕಾರಣವೇ, ಅಲ್ಲ, ಹೆದರಿದ್ದ, ಅಷ್ಟೇ, ಒಂದು ದಿನ ಹೋಗಲಿ ಆಮೇಲೆ ಹೇಳಿದರಾಯಿತು ಅಂದುಕೊಂಡ, ಒಂದು ದಿನ ಕಳೆದ ಮೇಲೆ ಎರಡನೇ ದಿನ ಇನ್ನೂ ಕಷ್ಟ, ಹತ್ತನೇ ದಿನಕ್ಕೆ ಪರ್ವತಯ್ಯನ ಶೆಡ್ಡಿಗೆ ಒಂದು ಗಾಡಿಯೂ ಬರಲಿಲ್ಲ, ವರ್ಷ ತುಂಬುವುದರೊಳಗೆ ತಗಡು ಬಿಚ್ಚಿ ಮಗಳ ಊರು ಪಾವಗಡದ ಕಡೆಗೆ ಹೋದ ಅಂತ ಸುದ್ದಿ. ಆ ಹೊತ್ತಿಗೆ ಇವನು ಪಿನ್ನು ಹಾಕಿಯಾಗಿತ್ತು, ಮನಸ್ಸಿನಲ್ಲಿ. ಐ.ಟಿ.ಐ.ನಲ್ಲಿ ಪ್ರತಿ ವರ್ಷ ಮೊದಲ ವಾರದ ಪಾಠ, ಸ್ಪ್ಲಿಟ್ ಪಿನ್ ಇರೋ ಕಡೆ ತಂತಿ ಕಟ್ಟಿದರೆ ಅದು ಕೊಲೆ ಕಣ್ರಯ್ಯ ಅನ್ನುತ್ತಾನೆ, ಹಲಗೆಯ ಮೇಲೆ ಬರೆಸುತ್ತಾನೆ, ಮಕ್ಕಳು ನಗುತ್ತಾರೆ.

ಹೊರಗೆ ಲೋಟದ ಸದ್ದು, ಅತ್ತಿಗೆ ಕಾಫಿ ಕೊಟ್ಟಳು, ಇವನಿಗೂ ಒಂದು ಲೋಟ ನೆಲದ ಮೇಲಿಟ್ಟು ಚಕ್ರದ ಪಕ್ಕಕ್ಕೆ ನೂಕಿದಳು, ಹಬೆ ಆಡುತ್ತಿದೆ, ಕುಡಿಯಲು ಹೊರಗೆ ಬರಬೇಕು, ಬಂದರೆ ಮುಖ ತೋರಿಸಬೇಕು. ಪರ್ವತಯ್ಯ ಪಾವಗಡದ ಮಾತು ಹೇಳುತ್ತಿದ್ದಾನೆ, ರಾಯಚರ್ಲು ಹತ್ತಿರ ಸೋಲಾರ್ ಪಾರ್ಕಿನಲ್ಲಿ ಗಾಜು ತೊಳೆಯುವ ಕೆಲಸ ಮಾಡಿದನಂತೆ, ಆಮೇಲೆ ವಾಚ್‌ಮನ್, ಕಣ್ಣು ಹೋಗುವಷ್ಟು ದೂರ ಬರೀ ಗಾಜು ಶಂಕ್ರಪ್ಪ, ಎಣ್ಣೆ ಇಲ್ಲ, ಸದ್ದಿಲ್ಲ, ಒಂದು ನಟ್ಟು ಕೂಡ ಬಿಗಿಯೋಕಿಲ್ಲ, ಮೆಷಿನ್ನಾ ಅದು ಅಂದ, ಅಣ್ಣ ನಕ್ಕ, ಇವರಿಬ್ಬರೂ ಒಟ್ಟಿಗೆ ನಕ್ಕಿದ್ದು ಕೇಳಿ ಎಷ್ಟು ಕಾಲವಾಯಿತು, ಅತ್ತಿಗೆಯೂ ನಕ್ಕಳು, ಕೊಟ್ಟಿಗೆಯೊಳಗೆ ಮಲಗಿರುವ ಇವನಿಗೆ ನಗು ಬೇರೆ ಯಾವುದೋ ಊರಿನಿಂದ ಬಂತು. ಸ್ಪ್ಯಾನರ್ ಮತ್ತೆ ಹಿಡಿಲಿಲ್ವಾ ಅಂತ ಅಣ್ಣ ಕೇಳಿದ, ಹವಾಯಿ ಚಪ್ಪಲಿ ಒಂದರ ಮೇಲೊಂದು ಹತ್ತಿತು, ಇಳಿಯಿತು, ಆಮೇಲೆ ಪರ್ವತಯ್ಯನ ದನಿ ತಗ್ಗಿತು, ಇಲ್ಲಪ್ಪ, ಹಿಡಿದ್ರೆ ಕೈ ನಡುಗೋದು, ಪಿನ್ನು ಹಾಕಿದ ಮೇಲೂ ಹಾಕಿದ್ನಾ ಅಂತ ಹತ್ತು ಸಲ ಹೋಗಿ ನೋಡ್ತಿದ್ದೆ, ರಾತ್ರಿ ಎದ್ದು ಹೋಗಿ ನೋಡ್ತಿದ್ದೆ, ಅಳಿಯ ಬೈದ, ಬಿಟ್‌ಬುಟ್ಟೆ. ಕೋಳಿ ಒಂದು ಒಳಗೆ ಬಂದು ಇವನ ಕಾಲ ಹತ್ತಿರ ಕೆದಕಿ ಹೊರಗೆ ಹೋಯಿತು, ಅದಕ್ಕೆ ಹೊರಗೆ ಹೋಗುವುದು ಎಷ್ಟು ಸುಲಭ. ಪರ್ವತಯ್ಯ ಎದ್ದು ನಿಂತ ಅನ್ನಿಸಿತು, ಚಪ್ಪಲಿ ಕಳಚಿತು, ಬರಿಗಾಲು ಎರಡು ಹೆಜ್ಜೆ ಅಣ್ಣನ ಒಂಟಿ ಕಾಲಿನ ಹತ್ತಿರ ಹೋಯಿತು, ನಿಂತಿತು, ಬಾಗಿದ, ಕೈ ಆ ಒಂಟಿ ಪಾದ ಮುಟ್ಟಿತು, ಎಪ್ಪತ್ತೇಳರ ಮುದುಕ ಅರವತ್ತರವನ ಕಾಲು ಮುಟ್ಟಿದ, ಇದೇನು ಪರ್ವತಯ್ಯ, ಬುಡು, ಬುಡು ಅಂತ ಅಣ್ಣ ಗಾಬರಿಯಾದ, ಕೈ ಬಿಡಲಿಲ್ಲ, ನಾನೇ ಮರ್ತಿದ್ದೆ ಶಂಕ್ರಪ್ಪ, ಆ ಪಿನ್ನು ನಾನು ಹಾಕಿರ್ಲಿಲ್ಲ, ಇಷ್ಟು ವರ್ಷ ಹಾಕಿದ್ದೆ ಹಾಕಿದ್ದೆ ಅಂತ ಜಗಳ ಆಡ್ದೆ ನನ್ ಜೊತೇಲೇ, ಇನ್ ಸಾಕು, ಮರ್ತಿದ್ದೆ, ನಿನ್ ಕಾಲು ತಿಂದೋನು ನಾನೇ ಅಂದ. ಅಣ್ಣನ ಹೆಬ್ಬೆರಳು ನಿಂತುಬಿಟ್ಟಿತ್ತು, ಆಮೇಲೆ ಅಣ್ಣನ ಮೂಗು ಸೊರ್ರೆಂದಿತು, ಆಗ್ಲಿ ಏಳು, ಕೈ ತಪ್ಪೋದು ಯಾರಿಗಿಲ್ಲ, ನೀನು ಒಪ್ಕೊಂಡ್ಯಲ್ಲ, ನಂಗೆ ಅಷ್ಟು ಸಾಕು ಕಣಯ್ಯ, ಅದೊಂದು ಮಾತಿಗೆ ಕಾಯ್ತಾ ಇದ್ದೆ ಅಂದ, ಸರೋಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಬೇಕು, ಅವಳ ಬಳೆ ಸದ್ದಾಯಿತು.

ಅಯ್ಯೋ ಪಾಪಿ, ಅಂದುಕೊಂಡ ನಾಗಭೂಷಣ, ಯಾರಿಗೆ ಅಂದುಕೊಂಡನೋ, ಎದೆಯ ಮೇಲೆ ಗಿಡ್ಡಿಯ ಎಂಜಿನ್ನೇ ಇಳಿದು ಕೂತಿದೆ, ಈಗ ಹೊರಗೆ ಹೋಗಿ ಏನು ಹೇಳುವುದು, ಅಳುತ್ತ ನಗುತ್ತ ಇಬ್ಬರು ಮುದುಕರು ಸಮಾಧಾನವಾಗಿದ್ದಾರೆ, ಆ ಸಮಾಧಾನ ಒಂದು ಸುಳ್ಳಿನ ಮೇಲೆ ನಿಂತಿದೆ, ನಿಲ್ಲಲಿ ಬಿಡು, ಅಣ್ಣನಿಗೆ ಹೃದಯದ ಕಾಯಿಲೆ, ಈಗ ಹೇಳಿದರೆ ಅಣ್ಣ ಕಳೆದುಕೊಳ್ಳುವುದು ತಮ್ಮನನ್ನ, ಸಾಯುವ ಕಾಲಕ್ಕೆ ಇದೊಂದು ಬೇಕೇ ಅವನಿಗೆ, ನೋಡು, ಮತ್ತೆ ಅಣ್ಣನ ಹೆಸರು, ಅಣ್ಣನ ಕಾಲು ಹೋಯಿತು, ಅಣ್ಣನ ಹೆಸರನ್ನಾದರೂ ಬಿಡಬಾರದೇ. ತಂತಿಯನ್ನು ಕತ್ತರಿಸಿದ, ಯಾವಾಗ ಕತ್ತರಿಸಿದ, ಇಕ್ಕಳ ಕೈಯಲ್ಲಿದೆ, ತಂತಿ ಎಡ ಅಂಗೈಯಲ್ಲಿದೆ, ಎರಡು ಅಂಗುಲದ ತುಂಡು, ಹೊಸ ಪಿನ್ನು ಬಲಗೈಯಲ್ಲಿ, ಮೊನ್ನೆ ಶಿರಾದಿಂದ ತಂದದ್ದು, ಪೇಪರಿನ ಚೂರಿನಲ್ಲಿ ಸುತ್ತಿ ಕೊಟ್ಟದ್ದು. ಪಿನ್ನು ಹಾಕುವುದು, ಎರಡು ಏಟು, ತಂತಿ ಜೇಬಿಗೆ, ಮಧುಗಿರಿಗೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ, ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ, ಗೊತ್ತಾಗುವುದಿಲ್ಲ, ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ, ಆ ಮಾತು ತಲೆಯಲ್ಲಿ ಬರುತ್ತಿದ್ದಂತೆ ಪಕ್ಕಕ್ಕೆ ಹೊರಳಲು ಹೋದ, ಭುಜ ಆಕ್ಸಲ್ಲಿಗೆ ತಗುಲಿತು, ಕೈಯೆತ್ತಲು ಜಾಗವಿಲ್ಲ, ನೆಲಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಮೊಳ, ಇನ್ನು ಇಷ್ಟೇ, ಇನ್ನೂ ಇಪ್ಪತ್ತು ವರ್ಷ ಬದುಕಿದರೆ ಇಪ್ಪತ್ತು ವರ್ಷವೂ ಇಷ್ಟೇ, ಊರೂರ ಗಿಡ್ಡ ಟ್ರಾಕ್ಟರು ಎಬ್ಬಿಸಿಕೊಂಡು, ಇದರ ಕೆಳಗೆ ಮಲಗಿಕೊಂಡು. ಪಿನ್ನು ಹಾಕಿದ್ಯಾ ಅಂತ ಪರ್ವತಯ್ಯನ ದನಿ, ಹತ್ತಿರ, ಬಾಗಿಲೊಳಗೆ, ಇನ್ನೂ ಇಲ್ಲ ಅಂದುಬಿಟ್ಟ ಇವನು, ಹೂಂ ಅನ್ನಬಹುದಿತ್ತು, ಅನ್ನಲಿಲ್ಲ. ಹಂಗಾದ್ರೆ ಹಾಕ್ಬೇಡ, ಇದೊಂದನ್ನ ನಾನೇ ಹಾಕ್ತೀನಿ ಕೊಡಪ್ಪ ನಾಗ, ನೀನು ನೋಡ್ತಾ ಇರು, ಪರ್ವತಯ್ಯ ಪಿನ್ನು ಹಾಕಿದ್ದನ್ನ ನಾನು ಕಣ್ಣಾರೆ ನೋಡ್ದೆ ಅಂತ ನಾಳೆ ನೀನು ಹೇಳ್ಬೇಕು ಅಂದ ಮುದುಕ, ಮಂಡಿ ಊರಿದ ಸದ್ದು, ನರಳಿದ ಸದ್ದು, ಆಕ್ಸಲ್ಲಿನ ಸಂದಿಯಿಂದ ಒಂದು ಕೈ ಒಳಗೆ ಬಂತು, ಅಂಗೈ ಮೇಲೆ ಮಾಡಿಕೊಂಡು, ಬೆರಳು ಅಗಲಿಸಿಕೊಂಡು, ಇಪ್ಪತ್ತೊಂಬತ್ತು ವರ್ಷ ಎಣ್ಣೆ ಕಾಣದೆ ಬೆಳ್ಳಗಾದ ಅಂಗೈ, ತೋರುಬೆರಳಿನ ಮೇಲೆ ಸ್ಪ್ಯಾನರಿನ ಹಳೆಯ ಗಂಟು ಮಾತ್ರ ಹಾಗೇ ಇದೆ, ಕೈ ನಡುಗುತ್ತಿದೆ, ಕೊಡಪ್ಪ.

ಬಲಗೈಯಲ್ಲಿ ಪಿನ್ನಿದೆ, ಬಲಗೈ ಮುಂದೆ ಹೋಗಬೇಕು, ಉಣ್ಣಲು, ನಮಸ್ಕಾರಕ್ಕೆ, ಕೊಡಲು ತೆಗೆದುಕೊಳ್ಳಲು ಬಲಗೈ ಅಂತ ಬರೆ ಹಾಕಿ ಕಲಿಸಿದ್ದು, ಹೋಗಲಿಲ್ಲ, ಎಡಗೈ ಹೋಯಿತು, ತಾನಾಗಿ ಹೋಯಿತೋ ಕಳಿಸಿದನೋ, ಹೋಗಿ ಆ ಬೆಳ್ಳನೆಯ ಅಂಗೈಯ ನಡುವೆ ತಂತಿಯನ್ನು ಇಟ್ಟಿತು. ಎಲ್ಲಿತ್ತು ಅಂತ ಕೇಳುತ್ತಾನೆ, ಹೇಳಬೇಕು, ಬೋಲ್ಟಿನಲ್ಲೇ ಇತ್ತು ಪರ್ವತಯ್ಯ, ನೀನು ಹಾಕಿದ್ದೆ, ನಾನು ಬೀಳಿಸಿದೆ, ಪಿನ್ನಲ್ಲ ಅಂತ ತಿಳಿದು ಮುದುಕನ ಬೆರಳು ತಡವರಿಸಿತು, ಹೆಬ್ಬೆರಳು ತಂತಿಯ ಮೇಲೆ ಹತ್ತಿತು, ಬುಡದಿಂದ ತುದಿಗೆ ಒಂದು ಸಲ ಹೋಯಿತು, ಮತ್ತೆ ಬುಡಕ್ಕೆ ಬಂತು, ಇನ್ನೊಂದು ಸಲ, ಈಗ ನಿಧಾನ, ಒಂದು ಸುತ್ತು, ಎರಡು ಸುತ್ತು. ಏನ್ ಪರ್ವತಯ್ಯ, ಕೊಟ್ನಾ ಪಿನ್ನು ಅಂತ ಹೊರಗಿನಿಂದ ಅಣ್ಣ ಕೂಗಿದ. ನಡುಗುತ್ತಿದ್ದ ಕೈ ನಡುಗುವುದನ್ನು ಬಿಟ್ಟಿತು, ಮುಚ್ಚಲಿಲ್ಲ, ಹಿಂದಕ್ಕೂ ಹೋಗಲಿಲ್ಲ, ಮೂರನೇ ಸುತ್ತಿನ ಮೇಲೆ ಹೆಬ್ಬೆರಳು, ಹೆಬ್ಬೆರಳ ಕೆಳಗೆ ತಂತಿ, ಎಡಕ್ಕೆ, ಎಡಕ್ಕೆ, ಎಡಕ್ಕೆ